ಬೋರ್‌ವೆಲ್ ನೀರಿನ ಊರಿನಲ್ಲಿ ಲಿಕೋರೈಸ್ ಗೌರಾಮಿ: ಸಾಕಣೆ ಮತ್ತು ಮರಿ ಮಾಡಿಸುವ ಟಿಪ್ಪಣಿ

ಲಿಕೋರೈಸ್ ಗೌರಾಮಿ ಪಾರೋಸ್ಫ್ರೋಮೆನಸ್ ಕುಲದ ಮೀನು, ಬೆಳೆದರೂ 4 ಸೆಂ.ಮೀ. ಆಸುಪಾಸು. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೊಗಳ ಪೀಟ್ (ಅರೆಕೊಳೆತ ಸಸ್ಯಗಳ ನೆಲ) ಜೌಗುಕಾಡು ಇದರ ನೆಲೆ. ಕೊಳೆತ ಎಲೆ, ಬೇರುಗಳಿಂದ ಇಳಿಯುವ ಟ್ಯಾನಿನ್ ಮತ್ತು ಹ್ಯೂಮಿಕ್ ಆಮ್ಲದಿಂದ ಅಲ್ಲಿನ ನೀರು ಟೀ ಡಿಕಾಕ್ಷನ್ ಬಣ್ಣಕ್ಕಿರುತ್ತದೆ, ಪಿಎಚ್ 4ರ ಹತ್ತಿರ, ಅಂದರೆ ಬಹಳ ಆಮ್ಲೀಯ. ಆ ಕಾಡುಗಳು ತಾಳೆಎಣ್ಣೆ ತೋಟಗಳಾಗುತ್ತಿರುವುದರಿಂದ ಮನೆಯಲ್ಲಿ ಮರಿ ಮಾಡಿಸುವ ಕೆಲಸಕ್ಕೆ ನಿಜವಾದ ಬೆಲೆ ಇದೆ.

ಈ ಕುಲದ ಒಂದು ಜಾತಿಯಾದ ಡೀಸ್ನೆರಿಯ ಹೆಸರಿನಲ್ಲಿ ಮಾರಾಟಕ್ಕೆ ಬರುವುದು ಬಹುಪಾಲು ಬೇರೆ ಜಾತಿಗಳು. ನಿಜವಾದ ಡೀಸ್ನೆರಿ ಸುಮಾತ್ರಾ ಬಳಿಯ ಬಂಗ್ಕಾ ದ್ವೀಪಕ್ಕೆ ಸೀಮಿತ. ಆದ್ದರಿಂದ ಬೇರೆ ಬೇರೆ ಕಡೆ ಕೊಂಡ ಗಂಡು ಹೆಣ್ಣನ್ನು ಜೋಡಿ ಮಾಡಬೇಡಿ, ತಳಿ ಬೆರೆತುಹೋಗುತ್ತದೆ.

ನೀರು

ಕೋಲಾರದಲ್ಲಿ ಈ ಮೀನು ಸಾಕುವವರು ಸೋಲುವುದು ಹೆಚ್ಚಾಗಿ ಇಲ್ಲೇ. ನಮ್ಮ ಆಳದ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಬೈಕಾರ್ಬನೇಟ್ ಹೇರಳ. ನೀರನ್ನು ಆಮ್ಲೀಯ ಮಾಡಲೆಂದು ಕಾಡುಬಾದಾಮಿ ಎಲೆ ಎಷ್ಟು ಹಾಕಿದರೂ ನೀರು ಕಂದಾಗುತ್ತದೆಯೇ ಹೊರತು ಪಿಎಚ್ ಜಗ್ಗುವುದಿಲ್ಲ, ಎಲೆಯ ಆಮ್ಲವನ್ನೆಲ್ಲ ಬೈಕಾರ್ಬನೇಟ್ ನುಂಗಿಬಿಡುತ್ತದೆ. ಅಂಗಡಿಯ ಪಿಎಚ್ ಇಳಿಸುವ ದ್ರಾವಣ ಹಾಕಿದರೂ ಅಷ್ಟೇ: ಸ್ವಲ್ಪ ಹೊತ್ತು ಇಳಿದು ಮತ್ತೆ ಏರುತ್ತದೆ, ಆ ಏರಿಳಿತದಲ್ಲಿ ಮೀನು ಬಳಲುತ್ತದೆ. ಮನೆಯ ವಾಟರ್ ಸಾಫ್ಟ್‌ನರ್ ಕೂಡ ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಒಟ್ಟು ಲವಣ ಹಾಗೇ ಉಳಿಯುತ್ತದೆ.

ಆರ್‌ಒ ನೀರು ಅಥವಾ ಮಳೆನೀರೇ ಗತಿ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ತರುವವರು ಮೊದಲು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಅದ್ದಿ ನೋಡಿ, ರುಚಿಗೆಂದು ಲವಣ ಉಳಿಸಿರುವುದುಂಟು. 30 ಪಿಪಿಎಂ ಒಳಗಿರಬೇಕು. ಮನೆಯ ಆರ್‌ಒ ಆದರೆ ಮಿನರಲ್ ಕಾರ್ಟ್ರಿಜ್‌ಗಿಂತ ಮುಂಚೆಯೇ ನೀರು ಹಿಡಿಯಿರಿ. ಮಳೆನೀರಾದರೆ ಮೊದಲ ಎರಡು ಮೂರು ಮಳೆ ಬಿಟ್ಟು, ತೊಳೆದ ಪ್ಲಾಸ್ಟಿಕ್ ಹಾಳೆ ಕಟ್ಟಿ ಹಿಡಿಯುವುದು ಒಳ್ಳೆಯದು.

ಈ ನೀರಿಗೆ 20 ಲೀಟರಿಗೆ ನಾಲ್ಕೈದು ಎಲೆ ಸಾಕು. ತಾನಾಗಿ ಉದುರಿ ಒಣಗಿದ ಕಂದು ಎಲೆಯೇ ಆಗಬೇಕು. ಔಷಧಿ ಹೊಡೆಯುವ ಟೊಮ್ಯಾಟೊ, ಮಾವಿನ ತೋಟದ ಪಕ್ಕದ ಮರದ್ದು ಬೇಡ. ವಾರದಲ್ಲಿ ಪಿಎಚ್ ನಿಧಾನವಾಗಿ ಇಳಿಯುತ್ತದೆ, 4.5ರಿಂದ 5.5ರ ನಡುವೆ ನಿಂತರೆ ಸಾಕು.

ಒಂದು ಎಚ್ಚರಿಕೆ. ಆಮ್ಲೀಯ ನೀರಿನಲ್ಲಿ ಕಸ ಕರಗಿಸುವ ಬ್ಯಾಕ್ಟೀರಿಯಾ ಮಂದ, ಹಾಗಾಗಿ ಮೀನು ಹೊರಬಿಡುವ ಅಮೋನಿಯ ಅಮೋನಿಯಂ ರೂಪದಲ್ಲಿ, ಹೆಚ್ಚು ಕೇಡು ಮಾಡದೆ ಕೂಡಿಕೊಂಡಿರುತ್ತದೆ. ಆಗ ನೀರು ಕಡಿಮೆಯಾಯಿತೆಂದು ನಲ್ಲಿ ನೀರು ಸುರಿದರೆ ಪಿಎಚ್ ಏರಿ ಅದು ವಿಷಕಾರಿ ಅಮೋನಿಯ ಆಗುತ್ತದೆ. ಬೆಳಗಾಗುವುದರೊಳಗೆ ಮೀನು ಸಾಯಬಹುದು. ವಾರಕ್ಕೆ 10–15 ಶೇಕಡ ನೀರನ್ನು, ಎಲೆ ನೆನೆಸಿದ ಅದೇ ತಯಾರಿ ನೀರಿನಿಂದಲೇ ಬದಲಿಸಿ.

ತೊಟ್ಟಿ

ಒಂದು ಜೋಡಿಗೆ 20 ಲೀಟರ್, ನಿಧಾನ ಗುಳ್ಳೆಯ ಸ್ಪಾಂಜ್ ಫಿಲ್ಟರ್, ಜಾವಾ ಮಾಸ್, ಮಂದ ಬೆಳಕು, ಬಿಗಿ ಮುಚ್ಚಳ. ಕಲ್ಲು ಹಾಕುವುದಾದರೆ ನಿಂಬೆರಸ ಹನಿಸಿ ನೋಡಿ, ನೊರೆ ಬಂದರೆ ಸುಣ್ಣವಿದೆ. ಉಷ್ಣತೆ 23–26 ಡಿಗ್ರಿ. ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು, ಏಪ್ರಿಲ್ ಮಧ್ಯಾಹ್ನಕ್ಕೆ ನೆಲದ ಮೇಲಿನ ತಂಪು ಮೂಲೆ.

ಒಣ ಆಹಾರವನ್ನು ಇವು ಬಹುಮಟ್ಟಿಗೆ ಮುಟ್ಟುವುದಿಲ್ಲ. ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ, ಮೊಯ್ನಾ (ನೀರಿನ ಚಿಗಟ), ಗ್ರಿಂಡಲ್ ಎಂಬ ಸಣ್ಣ ಬಿಳಿ ಹುಳು ಕೊಡಿ. ಆರ್ಟೀಮಿಯ ಮೊಟ್ಟೆಗೆ ಲೀಟರಿಗೆ 25 ಗ್ರಾಂ ಉಪ್ಪು, ಜೋರು ಗಾಳಿ, 26–28 ಡಿಗ್ರಿ ಇದ್ದರೆ 24–36 ಗಂಟೆಯಲ್ಲಿ ಒಡೆಯುತ್ತದೆ. ಸಿಹಿನೀರಿನಲ್ಲಿ ಜಾಲಾಡಿಸಿಯೇ ಹಾಕಿ, ಇಲ್ಲವಾದರೆ ಉಪ್ಪು ದಿನದಿನಕ್ಕೂ ಸೇರುತ್ತಾ ಹೋಗುತ್ತದೆ. ಚರಂಡಿಯ ಟ್ಯೂಬಿಫೆಕ್ಸ್ ಹುಳು ಬೇಡ.

ಮರಿ

ಗಂಡಿನ ರೆಕ್ಕೆಗಳಲ್ಲಿ ಬಣ್ಣದ ಪಟ್ಟಿ, ಹೆಣ್ಣು ಸಪ್ಪೆ. ಗಂಡು ಗುಹೆಯ ಚಾವಣಿಯಲ್ಲಿ ಸಣ್ಣ ಗುಳ್ಳೆಗೂಡು ಕಟ್ಟುತ್ತದೆ. ಕುದಿಸಿ ನೆನೆಸಿದ ತೆಂಗಿನ ಚಿಪ್ಪಿನ ತುಂಡು ಅಥವಾ ಒಂದಿಂಚಿನ ಪಿವಿಸಿ ಪೈಪನ್ನು ಬಾಯಿ ಸ್ವಲ್ಪ ಕೆಳಗಾಗುವಂತೆ ಮಲಗಿಸಿ. ಮೊಟ್ಟೆ ಇಡುವ ಹೊತ್ತಿಗೆ ಹೆಣ್ಣಿನ ಗೆರೆಗಳು ಮಾಸಿ ಕಣ್ಣು ಕಪ್ಪಾಗುತ್ತದೆ.

ಕಾವಲು ಗಂಡಿನದು. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಮರಿಗಳು ಇನ್ನೊಂದು ವಾರ ಅಲ್ಲೇ ನೇತಾಡುತ್ತವೆ. ಟಾರ್ಚ್ ಬೆಳಕು ಬಿಟ್ಟು ಪದೇ ಪದೇ ಇಣುಕಿದರೆ ಗಂಡು ಗೂಡು ಬಿಡಬಹುದು, ಮೊಟ್ಟೆ ತಿನ್ನಲೂಬಹುದು. ಮೊಟ್ಟೆಗೆ ಬೂಸು ಹಿಡಿದರೆ ಮೊದಲು ಟಿಡಿಎಸ್ ಅಳೆಯಿರಿ, ಲವಣ ಹೆಚ್ಚಾಗಿರಬಹುದು.

ಈಜಲು ಶುರುವಾಗುವ ಹೊತ್ತಿಗೆ ಗುಹೆಯನ್ನೇ ನೀರಿನೊಳಗೆ ಡಬ್ಬಿಗೆ ಜಾರಿಸಿ, ಅದೇ ತೊಟ್ಟಿಯ ನೀರಿನೊಂದಿಗೆ ಬೇರೆ ಇಡಿ. ಮೊದಲ ಎರಡು ಮೂರು ದಿನ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿ, ಆಮೇಲೆ ಆಗತಾನೆ ಒಡೆದ ಆರ್ಟೀಮಿಯ, ದಿನಕ್ಕೆರಡು ಬಾರಿ, ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಬರುವಷ್ಟು. ತಿಂದು ಉಳಿದದ್ದನ್ನು ಅಂದೇ ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ.