ದೌರ್ಬಲ್ಯದ ಪ್ರಶ್ನೆಗೆ ಉತ್ತರ ಎಲ್ಲಿದೆ?

ನವೆಂಬರ್ ಕೊನೆಯಲ್ಲಿ ಎಂಬಿಎ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆ ಮುಗಿದು, ಫಲಿತಾಂಶದ ಬೆನ್ನಿಗೇ ಐಐಎಂಗಳಿಂದ (ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಂದ) ಸಂದರ್ಶನದ ಕರೆಗಳು ಬರತೊಡಗಿದಾಗ, ಮೈಸೂರು ಮತ್ತು ಮಂಡ್ಯ ಸೀಮೆಯ ವಿದ್ಯಾರ್ಥಿಗಳು ಅಣಕು ಸಂದರ್ಶನಕ್ಕೆಂದು ನನ್ನ ಬಳಿ ಬರುತ್ತಾರೆ. ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಎಂಬಿಎ ಸೇರುವವರಿಗೆ ರ‍್ಯಾಂಕ್ ಆಧಾರದ ಮೇಲೆಯೇ ಸೀಟು ಹಂಚಿಕೆಯಾಗುವುದರಿಂದ ಸಂದರ್ಶನದ ಆತಂಕವಿರುವುದಿಲ್ಲ. ಸಂದರ್ಶನ ಎದುರಿಸಬೇಕಾದವರಲ್ಲಿ ಮಾತ್ರ, ಒಳ್ಳೆಯ ಪರ್ಸೆಂಟೈಲ್ ಪಡೆದವರೂ ‘ನಿಮ್ಮ ದೌರ್ಬಲ್ಯವೇನು?’ ಎಂಬ ಪ್ರಶ್ನೆಗೆ ತಡವರಿಸುವುದನ್ನು ನಾನು ವರ್ಷವರ್ಷವೂ ಕಾಣುತ್ತಿದ್ದೇನೆ.

‘ನಾನು ಅತಿಯಾಗಿ ದುಡಿಯುತ್ತೇನೆ’, ‘ಎಲ್ಲವೂ ಅಚ್ಚುಕಟ್ಟಾಗಿರಬೇಕೆಂದು ಹಟ ಹಿಡಿಯುತ್ತೇನೆ’ ಎಂಬ ಉತ್ತರಗಳನ್ನು ದಯವಿಟ್ಟು ಕೈಬಿಡಿ. ಇದು ಗುಣಕ್ಕೆ ದೋಷದ ವೇಷ ತೊಡಿಸಿದ ಮಾತೆಂದು ಸಂದರ್ಶಕರಿಗೆ ಕೂಡಲೇ ತಿಳಿಯುತ್ತದೆ. ಒಂದು ಉದಾಹರಣೆ ಕೊಡಿ ಎಂದರೆ ಅಭ್ಯರ್ಥಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಯಿಲೆ, ಮನೆಯ ಕಷ್ಟ ಮುಂತಾದವನ್ನೂ ಇಲ್ಲಿ ಹೇಳಬೇಕಾಗಿಲ್ಲ, ಏಕೆಂದರೆ ಅವು ನಿಮ್ಮ ದೌರ್ಬಲ್ಯಗಳಲ್ಲ.

ನಮ್ಮ ಭಾಗದ ಮಕ್ಕಳು ಅತಿ ಹೆಚ್ಚು ಕೊಡುವ ಉತ್ತರ ಬೇರೆಯೇ: ‘ನನ್ನ ಇಂಗ್ಲಿಷ್ ಸರಿಯಿಲ್ಲ ಸರ್.’ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ತಪ್ಪೊಪ್ಪಿಗೆಯಂತೆ ತಲೆ ತಗ್ಗಿಸಿ ಹೇಳುವಾಗ ನನಗೆ ಸಂಕಟವಾಗುತ್ತದೆ. ನಿಮ್ಮ ಇಂಗ್ಲಿಷ್ ಹೇಗಿದೆಯೆಂಬುದು ಮೊದಲ ಎರಡು ನಿಮಿಷಗಳಲ್ಲೇ ಮಂಡಳಿಗೆ ಗೊತ್ತಾಗಿರುತ್ತದೆ. ಅವರು ಕೇಳುತ್ತಿರುವುದು ನಿಮ್ಮನ್ನು ನೀವು ಎಷ್ಟು ಗಮನಿಸಿಕೊಂಡಿದ್ದೀರಿ, ಕಂಡ ಕೊರತೆಗೆ ಏನು ಮಾಡಿದ್ದೀರಿ ಎಂಬುದನ್ನು.

ಪಾಂಡವಪುರದ ಕಡೆಯ, ಕಬ್ಬು ಬೆಳೆಯುವ ಮನೆತನದ ಹುಡುಗನೊಬ್ಬ ಇದೇ ಉತ್ತರ ಕೊಟ್ಟಾಗ, ಅದರಿಂದ ನಿನಗೇನು ತೊಂದರೆಯಾಯಿತು ಎಂದು ಕೇಳಿದೆ. ಮೈಸೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಅರ್ಥವಾಗದಿದ್ದರೂ ತರಗತಿಯಲ್ಲಿ ಎದ್ದು ಕೇಳಲಾಗಲಿಲ್ಲ, ಅದರಿಂದ ಆಂತರಿಕ ಪರೀಕ್ಷೆಯಲ್ಲಿ ಅಂಕ ಕುಸಿಯಿತು ಎಂದ. ಊರಿನ ಶಾಲೆಯಲ್ಲಿ, ಎಲ್ಲವೂ ಕನ್ನಡದಲ್ಲೇ ನಡೆಯುತ್ತಿದ್ದಾಗ ಕೇಳುತ್ತಿದ್ದೆಯಾ ಎಂದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಸರ್, ಅಲ್ಲೂ ಕೇಳ್ತಿರಲಿಲ್ಲ’ ಎಂದ. ಭಾಷೆಯ ಮರೆಯಲ್ಲಿ ಅವಿತಿದ್ದ ನಿಜವಾದ ದೌರ್ಬಲ್ಯ ಅದು: ಗೊತ್ತಿಲ್ಲ ಎಂದು ನಾಲ್ವರ ಮುಂದೆ ತೋರಿಸಿಕೊಳ್ಳಲು ಇರುವ ಹಿಂಜರಿಕೆ.

ಇಷ್ಟು ತಿಳಿದ ಮೇಲೆ ಉತ್ತರ ತಾನಾಗಿಯೇ ರೂಪುಗೊಂಡಿತು. ಆ ಪರೀಕ್ಷೆಯ ನಂತರ ಅವನು ಸಂದೇಹಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತರಗತಿ ಮುಗಿದ ಮೇಲೆ ಅಧ್ಯಾಪಕರ ಕೊಠಡಿಗೆ ಹೋಗಿ ಕೇಳತೊಡಗಿದ್ದನು. ಆದರೆ ತುಂಬಿದ ತರಗತಿಯಲ್ಲಿ ಕೈಯೆತ್ತಲು ಈಗಲೂ ಅಳುಕುತ್ತಾನೆ. ಈ ಕೊನೆಯ ಮಾತನ್ನೂ ಹೇಳಬೇಕೆಂದು ನಾನು ಒತ್ತಾಯಿಸಿದೆ, ಏಕೆಂದರೆ ಪೂರ್ತಿ ವಾಸಿಯಾದ ದೌರ್ಬಲ್ಯವನ್ನು ಯಾರೂ ನಂಬುವುದಿಲ್ಲ.

ಅಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ. ಮ್ಯಾನೇಜ್‌ಮೆಂಟ್ ಶಿಕ್ಷಣದಲ್ಲಿ ಬಹಳಷ್ಟು ಪಾಠ ಚರ್ಚೆಯ ಮೂಲಕವೇ ನಡೆಯುತ್ತದೆ, ಹಲವು ವಿಷಯಗಳಲ್ಲಿ ಅದಕ್ಕೆ ಅಂಕವೂ ಇರುತ್ತದೆ. ಹಾಗಾಗಿ ‘ನಮ್ಮ ತರಗತಿಯಲ್ಲಿ ಹೇಗೆ ನಿಭಾಯಿಸುತ್ತೀರಿ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆಂದು ಭಾವಿಸಿ ಸಿದ್ಧವಾಗುವಂತೆ ಹೇಳಿದೆ. ಎರಡು ದಿನ ಯೋಚಿಸಿ ಬಂದ ಅವನು, ಹಿಂದಿನ ರಾತ್ರಿಯೇ ಪಾಠ ಓದಿ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡು, ಮರುದಿನ ತರಗತಿಯ ಮೊದಲ ಹತ್ತು ನಿಮಿಷದೊಳಗೆ ಅದನ್ನು ಕೇಳುವುದಾಗಿ ಹೇಳಿದನು. ತಡಮಾಡಿದಷ್ಟೂ ತನ್ನ ಅಳುಕು ಹೆಚ್ಚುತ್ತದೆ ಎಂಬುದನ್ನು ಅಷ್ಟರಲ್ಲಿ ಅವನೇ ಗಮನಿಸಿಕೊಂಡಿದ್ದನು.