ವಿಂಡೋಸ್ 10ರಿಂದ 11ಕ್ಕೆ ಹೋಗಲು ಎಷ್ಟು ದುಡ್ಡು ಬೇಕು?

ಪ್ರಶ್ನೆ: ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. 11 ಹಾಕಿಸೋಣ ಅಂತ ಅಂಗಡಿಗೆ ಹೋದರೆ ಲೈಸೆನ್ಸ್ ಸೇರಿ ಮೂರೂವರೆ ಸಾವಿರ ಅಂದರು. ಇದು ಸರಿಯಾದ ರೇಟಾ ಸರ್?

ಉತ್ತರ: ಲೈಸೆನ್ಸಿಗೆ ಸರಿಯಾದ ರೇಟು ಸೊನ್ನೆ.

ಈ ಪ್ರಶ್ನೆ ಬರುತ್ತಲೇ ಇದೆ, ಊರು ಮತ್ತು ಮೊತ್ತ ಮಾತ್ರ ಬದಲು. ನಿಮ್ಮ ವಿಂಡೋಸ್ 10 ಅಸಲಿ ಆಗಿದ್ದು, ಯಂತ್ರಕ್ಕೆ 11ರ ಅರ್ಹತೆ ಇದ್ದರೆ ಮೈಕ್ರೋಸಾಫ್ಟ್ ಒಂದು ಪೈಸೆಯನ್ನೂ ಕೇಳುವುದಿಲ್ಲ. ಎಡಿಶನ್ ಮಾತ್ರ ಬದಲಾಗುವುದಿಲ್ಲ: ಈಗ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ. ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ತೆರೆಯಿರಿ, ಅಲ್ಲೇ ತೋರಿಸುತ್ತದೆ. ಕೆಲವು ಜಿಬಿ ಡೇಟಾ ಬೇಕು, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಶುರು ಮಾಡಬೇಡಿ.

ಅಂಗಡಿಯವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಫೋಟೋ, ಫೈಲು ಎಲ್ಲ ಬ್ಯಾಕಪ್ ತೆಗೆದು, ವಿಂಡೋಸ್ ಹಾಕಿ, ಡ್ರೈವರ್ ಸರಿಮಾಡಿ ಕೊಡುವುದಕ್ಕೆ ಹೊತ್ತು ಬೇಕು, ಅದಕ್ಕೆ ಕೂಲಿ ಕೊಡಿ. ಕೂಲಿಯನ್ನೇ ಲೈಸೆನ್ಸ್ ಅಂತ ಬರೆದರೆ ಮಾತ್ರ ತಕರಾರು ತೆಗೆಯಿರಿ.

ಈಗ ಆ ಹಳೇ ನಂಬಿಕೆಗೆ ಬರೋಣ: "ಹೊಸ ವಿಂಡೋಸ್ ಅಂದರೆ ಹೊಸ ಕೀ ಕೊಳ್ಳಲೇಬೇಕು." ಕೀ ಅಂದರೆ ವಿಂಡೋಸ್ ಅಸಲಿ ಅಂತ ತೋರಿಸುವ ಅಕ್ಷರ, ಅಂಕಿಗಳ ಕೋಡು. ಒಂದು ಕಾಲಕ್ಕೆ ಈ ನಂಬಿಕೆ ನಿಜವೇ. ಎಕ್ಸ್‌ಪಿಯಿಂದ 7ಕ್ಕೆ, 7ರಿಂದ 8ಕ್ಕೆ ಹೋಗುವವರು ದುಡ್ಡು ಕೊಟ್ಟೇ ಹೋಗಬೇಕಿತ್ತು. 2015ರ ಜುಲೈ 29ಕ್ಕೆ ವಿಂಡೋಸ್ 10 ಬಂತು, 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಪುಕ್ಕಟೆ ಅಂದರು. ಆ ವರ್ಷ ಮುಗಿದ ಮೇಲೂ ಹಳೇ ಕೀ ಹಾಕಿದರೆ ನಡೆಯುತ್ತಿತ್ತು, ಅದನ್ನು ನಿಲ್ಲಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಜನರ ತಲೆಯಲ್ಲಿ "ನಿಂತುಹೋಯಿತು" ಅನ್ನುವುದಷ್ಟೇ ಉಳಿಯಿತು. ನಿಂತದ್ದು 7 ಮತ್ತು 8ರ ಕೀಗಳಿಗೆ ಮಾರಾಯ್ರೇ, 10ರಿಂದ 11ಕ್ಕೆ ಹೋಗುವವರಿಗಲ್ಲ!

"ನನ್ನ ಹತ್ತಿರ ಕೀನೇ ಇಲ್ಲ, ಲ್ಯಾಪ್‌ಟಾಪ್ ಕೆಳಗೆ ಸ್ಟಿಕ್ಕರ್ ಕೂಡ ಇಲ್ಲ" ಅನ್ನುತ್ತೀರಿ. ಇರಬೇಕಾಗಿಲ್ಲ. ವಿಂಡೋಸ್ 8ರ ಕಾಲದಿಂದ ಕಂಪನಿಯವರು ಕೀಯನ್ನು ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಬರೆದು ಕಳಿಸುತ್ತಾರೆ. ಅದರ ದುಡ್ಡು ನೀವು ಲ್ಯಾಪ್‌ಟಾಪ್ ಕೊಂಡ ದಿನವೇ ಕೊಟ್ಟಾಗಿದೆ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸ್‌ನಿಂದ ಆ್ಯಕ್ಟಿವೇಟ್ ಆಗಿದೆ ಅಂತಿದ್ದರೆ ಮುಗಿಯಿತು, ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿ ಅದೇ ಎಡಿಶನ್ ಹಾಕಿ ಇಂಟರ್ನೆಟ್‌ಗೆ ಸೇರಿಸಿದರೂ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಹಾಗಿರುವಾಗ ಆನ್‌ಲೈನ್‌ನಲ್ಲಿ ಮುನ್ನೂರು ನಾನೂರಕ್ಕೆ ಮಾರುವ ಕೀ ಯಾಕೆ ಬೇಕು? ಅಂಥವು ಎಷ್ಟೋ ಸಲ ಯಾವುದೋ ಕಂಪನಿಗೆ ಒಟ್ಟಾಗಿ ಕೊಟ್ಟ ಕೀಗಳು, ಒಂದು ದಿನ ಬ್ಲಾಕ್ ಆದರೆ ಮಾರಿದವನು ಕೈಗೆ ಸಿಗುವುದಿಲ್ಲ. ಇನ್ನು ನಿಮ್ಮ ವಿಂಡೋಸ್ 10 ಕ್ರ್ಯಾಕ್ ಮಾಡಿದ್ದಾದರೆ ಅಪ್‌ಗ್ರೇಡ್ ಮಾಡಿದ ಮಾತ್ರಕ್ಕೆ ಅದು ಅಸಲಿ ಆಗುವುದಿಲ್ಲ, ಅದು ಬೇರೆ ಕಥೆ.

ನಿಜವಾದ ಖರ್ಚು ಇರುವುದು ಹಾರ್ಡ್‌ವೇರ್‌ನಲ್ಲಿ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಭಾಗ), ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಪೀಳಿಗೆ ಅಥವಾ ಅದರ ನಂತರದ್ದು. ಹಳೇ ಪ್ರೊಸೆಸರ್‌ಗೆ ಜಾಸ್ತಿ ರ್‍ಯಾಮ್ ಹಾಕಿಸಿದರೆ ಅರ್ಹತೆ ಬರುವುದಿಲ್ಲ, ಸುಮ್ನೆ ಖರ್ಚು. ಟಿಪಿಎಂ ಇಲ್ಲ ಅಂತ ತೋರಿಸಿದರೆ ಮಾತ್ರ ಗಾಬರಿಯಾಗಬೇಡಿ, ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿರಬಹುದು. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಇರುತ್ತದೆ, ಆನ್ ಮಾಡಿ ಮತ್ತೆ ನೋಡಿ. ಯಂತ್ರವೇ ಹಳೆಯದಾದರೆ? 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದರೂ ಕಂಪ್ಯೂಟರ್ ಓಡುತ್ತದೆ, ಭದ್ರತಾ ಅಪ್‌ಡೇಟ್ ಮಾತ್ರ ನಿಲ್ಲುತ್ತದೆ. ಅದನ್ನು 2026ರ ಅಕ್ಟೋಬರ್ 13ರವರೆಗೆ ಪಡೆಯಲು 30 ಡಾಲರ್ ಅಂತ ಇಟ್ಟರು, ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡುವವರಿಗೆ ಅದೂ ಉಚಿತ. ಬ್ರೌಸಿಂಗ್, ಯೂಟ್ಯೂಬ್ ಇಷ್ಟೇ ಸಾಕು ಅನ್ನುವವರಿಗೆ ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್ ಮಿಂಟ್ ಇದೆ, ಅದಕ್ಕೂ ದುಡ್ಡಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ, ಆದರೆ ಆಮೇಲೆ ಅಳುವುದು ಇದಕ್ಕೇ: ಹಳೇ ಕನ್ನಡ ಫೈಲುಗಳು. ಸೆಟ್ಟಿಂಗ್ಸ್‌ನಿಂದ ಅಪ್‌ಗ್ರೇಡ್ ಮಾಡಿ ಫೈಲು, ಪ್ರೋಗ್ರಾಂ ಎಲ್ಲ ಉಳಿಸಿಕೊಂಡರೆ ನಿಮ್ಮ ಫಾಂಟೂ ಉಳಿಯುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ ಹಾಕಿದರೆ ಕನ್ನಡ ಟೈಪಿಂಗಿನ ನುಡಿ, ಬರಹ ತಂತ್ರಾಂಶ, ಅವುಗಳ ಫಾಂಟು ಎಲ್ಲ ಹೋಗುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ನಡೆಯುವ ಅಕ್ಷರ ಪದ್ಧತಿ) ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸಂಘದ ಲೆಟರ್‌ಹೆಡ್ಡು, ಮದುವೆ ಕರೆಯೋಲೆ, ಪ್ರಬಂಧ ಎಲ್ಲ ತೆರೆದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತದೆ. ವೈರಸ್ ಅಲ್ಲ ಅದು, ಆ ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತದೆ. ವಿಂಡೋಸ್‌ನದೇ ಹಳೇ ಕನ್ನಡ ಫಾಂಟ್ ತುಂಗಾ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳು ಅಂತ ಇದೆ, ಅದನ್ನು ಸೇರಿಸಿಕೊಳ್ಳಿ. ಅಂಗಡಿಗೆ ಕೊಡುವ ಮೊದಲು ಫಾಂಟ್ಸ್ ಫೋಲ್ಡರ್‌ನಲ್ಲಿರುವ ಕನ್ನಡ ಫಾಂಟುಗಳನ್ನೆಲ್ಲ ಒಂದು ಪೆನ್ ಡ್ರೈವ್‌ಗೆ ಹಾಕಿ ಮನೆಯಲ್ಲಿಡಿ.