ಮುಚ್ಚಿಹೋದ ತಂಡಗಳು, ಮುಗಿಯದ ಮಾರಾಟ

ಅಮೆರಿಕದಲ್ಲಿ ಯಾರಾದರೂ ‘ಹಾಲಿವುಡ್ ಸ್ಟಾರ್ಸ್’ ಅಥವಾ ‘ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್’ ಬೇಸ್‌ಬಾಲ್ ತಂಡದ ಟೀ ಶರ್ಟ್ ಹಾಕಿಕೊಂಡು ಎದುರಾದರೆ, ಪಂದ್ಯದ ಟಿಕೆಟ್ ಎಲ್ಲಿ ಸಿಗುತ್ತೆ ಅಂತ ಕೇಳಬೇಡಿ. ಎರಡೂ ತಂಡಗಳು ಕೊನೆಯ ಬಾರಿ ಆಡಿದ್ದು 1957ರಲ್ಲಿ. ಅವುಗಳ ಕ್ಯಾಪು, ಉಣ್ಣೆ ಜೆರ್ಸಿ ಮಾತ್ರ ಈಗಲೂ ಹೊಸದಾಗಿ ಹೊಲಿದು ಬರುತ್ತಿವೆ. ಒಂದು ಜೆರ್ಸಿಗೆ ಇನ್ನೂರು ಡಾಲರ್ ದಾಟುತ್ತದೆ. ಆದರೂ ಕೊಳ್ಳುವವರಿದ್ದಾರೆ.

ಇವು ಮೈನರ್ ಲೀಗ್ ತಂಡಗಳು. ಮೇಲೆ ಮೇಜರ್ ಲೀಗ್, ಅದಕ್ಕೆ ಆಟಗಾರರನ್ನು ತಯಾರು ಮಾಡುವ ಮೆಟ್ಟಿಲುಗಳು ಕೆಳಗೆ. ಐಪಿಎಲ್‌ನಲ್ಲಿ ಕೊಚ್ಚಿ ಟಸ್ಕರ್ಸ್ 2011ರಲ್ಲಿ ಒಂದೇ ಸೀಸನ್ ಆಡಿ ಮಾಯವಾಯಿತಲ್ಲ, ಹಾಗೆ ಮಾಯವಾದ ತಂಡಗಳು ಅಲ್ಲಿ ನೂರಾರು. ವ್ಯತ್ಯಾಸ ಏನಂದರೆ, ಅವುಗಳಲ್ಲಿ ಕೆಲವು ಎರಡು ಮೂರು ತಲೆಮಾರು ಆಡಿದ್ದವು.

1901ರಲ್ಲಿ ಸಣ್ಣ ಲೀಗುಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. 1949ರ ಹೊತ್ತಿಗೆ 59 ಲೀಗುಗಳು, ನಾನೂರಕ್ಕೂ ಹೆಚ್ಚು ತಂಡಗಳು, ವರ್ಷಕ್ಕೆ ನಾಲ್ಕು ಕೋಟಿಯಷ್ಟು ಪ್ರೇಕ್ಷಕರು. ಆಮೇಲೆ ಟಿವಿ ಬಂತು. ದೊಡ್ಡ ಲೀಗಿನ ಪಂದ್ಯ ಮನೆಯಲ್ಲೇ ಕಾಣುವಾಗ ಊರಿನ ತಂಡ ನೋಡೋಕೆ ಯಾರು ಹೋಗ್ತಾರೆ? 1963ಕ್ಕೆ ಇಪ್ಪತ್ತು ಲೀಗೂ ಉಳಿದಿರಲಿಲ್ಲ.

ಇಷ್ಟರ ನಡುವೆ ಪಶ್ಚಿಮ ಕರಾವಳಿಯ ಕಥೆಯೇ ಬೇರೆ. 1958ರವರೆಗೆ ಅಲ್ಲಿ ಮೇಜರ್ ಲೀಗ್ ತಂಡವೇ ಇರಲಿಲ್ಲ. ಆ ಕಡೆಯ ಜನಕ್ಕೆ ಬೇಸ್‌ಬಾಲ್ ಅಂದರೆ ಪೆಸಿಫಿಕ್ ಕೋಸ್ಟ್ ಲೀಗ್. ಸೀಲ್ಸ್, ಸ್ಟಾರ್ಸ್ ಎರಡೂ ಅದರ ತಂಡಗಳೇ. ಪ್ರಸಿದ್ಧ ಆಟಗಾರ ಜೋ ಡಿಮ್ಯಾಜಿಯೊ ನ್ಯೂಯಾರ್ಕಿಗೆ ಹೋಗುವ ಮುಂಚೆ, 1933ರಲ್ಲಿ ಸತತ 61 ಪಂದ್ಯಗಳಲ್ಲಿ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಹೊಡೆದಿದ್ದು ಸೀಲ್ಸ್ ಪರವಾಗಿ. ಸಿಯಾಟಲ್‌ನ ರೇನಿಯರ್ಸ್ ತಂಡಕ್ಕೆ ಆ ಹೆಸರು ಬಂದಿದ್ದು ಮಾಲೀಕರ ಬಿಯರ್‌ನಿಂದ. ಹಾಲಿವುಡ್ ಸ್ಟಾರ್ಸ್ ಆಟಗಾರರು 1950ರಲ್ಲಿ ಚಡ್ಡಿ ಹಾಕಿಕೊಂಡು ಮೈದಾನಕ್ಕಿಳಿದು ಎಲ್ಲರಿಂದ ನಗಿಸಿಕೊಂಡರು. ಮಣ್ಣಿನ ಮೇಲೆ ಮೊಣಕಾಲು ಜಾರಿಸಿಕೊಂಡು ಬೇಸ್ ಮುಟ್ಟಬೇಕಾದ ಆಟದಲ್ಲಿ ಚಡ್ಡಿ!

1958ಕ್ಕೆ ಬ್ರೂಕ್ಲಿನ್‌ನ ಡಾಡ್ಜರ್ಸ್ ಲಾಸ್ ಏಂಜಲೀಸ್‌ಗೆ ಬಂತು, ನ್ಯೂಯಾರ್ಕಿನ ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ. ದೊಡ್ಡವರು ಬಂದ ಮೇಲೆ ಸಣ್ಣವರು ಜಾಗ ಖಾಲಿ ಮಾಡಬೇಕಾಯಿತು. ಸೀಲ್ಸ್ ಫೀನಿಕ್ಸ್‌ಗೆ, ಸ್ಟಾರ್ಸ್ ಸಾಲ್ಟ್ ಲೇಕ್ ಸಿಟಿಗೆ, ಲಾಸ್ ಏಂಜಲೀಸ್ ಏಂಜಲ್ಸ್ ಸ್ಪೋಕೇನ್‌ಗೆ. ಆಟಗಾರರು ಹೋದರು, ಹೆಸರುಗಳು ಹೋಗಲಿಲ್ಲ. 1961ರಲ್ಲಿ ಲಾಸ್ ಏಂಜಲೀಸ್‌ಗೆ ಇನ್ನೊಂದು ಮೇಜರ್ ಲೀಗ್ ತಂಡ ಸಿಕ್ಕಿತು. ಅದರ ಮಾಲೀಕ ಜೀನ್ ಆಟ್ರಿ ಹಳೆಯ ‘ಏಂಜಲ್ಸ್’ ಹೆಸರನ್ನು, ಅದರ ಹಕ್ಕು ಇಟ್ಟುಕೊಂಡಿದ್ದ ಡಾಡ್ಜರ್ಸ್ ಮಾಲೀಕರಿಗೆ ದುಡ್ಡು ಕೊಟ್ಟು ಪಡೆಯಬೇಕಾಯಿತು. ಊರು ಬಿಟ್ಟುಹೋದ ತಂಡದ ಹೆಸರಿಗೂ ಬೆಲೆಯಿದೆ ಅನ್ನೋದು ಅವತ್ತೇ ಗೊತ್ತಾಗಿತ್ತು. ಆ ಬೆಲೆ ಊರಿನವರ ಕೈಗೆ ಬರಲಿಲ್ಲ, ಅಷ್ಟೇ.

ಬಟ್ಟೆಯ ಕಥೆ 1970ರಲ್ಲಿ ತಿರುಗಿತು. ಆ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಉಣ್ಣೆ ಫ್ಲ್ಯಾನಲ್ ಬಿಟ್ಟು ನಿಟ್ (ಹೆಣೆದ) ಬಟ್ಟೆಯ ಜೆರ್ಸಿ ಹಾಕಿತು. ಸ್ವಲ್ಪ ವರ್ಷಗಳಲ್ಲೇ ಎಲ್ಲರೂ ಅದನ್ನೇ ಹಿಡಿದರು. ಬೇಸಿಗೆಯಲ್ಲಿ ಬೆವರಿಗೆ ನೆನೆದು ಭಾರವಾಗುತ್ತಿದ್ದ ಉಣ್ಣೆಗಾಗಿ ಆಗ ಯಾರೂ ಅತ್ತಿರಲಾರರು.

ಅತ್ತವರು ಬಂದಿದ್ದು ಆಮೇಲೆ. ಸಿಯಾಟಲ್‌ನ ಜೆರ್ರಿ ಕೋಹೆನ್ ತಮ್ಮ ರಾಕ್ ಬ್ಯಾಂಡಿನ ವೇದಿಕೆಯಲ್ಲಿ ಹಾಕಿಕೊಳ್ಳೋಕೆ ಹಳೇ ಕಾಲದ ಫ್ಲ್ಯಾನಲ್ ಜೆರ್ಸಿ ಹುಡುಕುತ್ತಿದ್ದರು. ಸಿಗಲಿಲ್ಲ, ತಾವೇ ಮಾಡಿಸಿದರು. 1988ರಲ್ಲಿ ‘ಎಬೆಟ್ಸ್ ಫೀಲ್ಡ್ ಫ್ಲ್ಯಾನಲ್ಸ್’ ಕಂಪನಿ ಶುರುವಾಯಿತು. ಪ್ರಸಿದ್ಧ ಮೇಜರ್ ಲೀಗ್ ತಂಡಗಳ ಬದಲು ಮೈನರ್ ಲೀಗ್ ಮತ್ತು ನೀಗ್ರೊ ಲೀಗ್ (ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರಿಗಿದ್ದ ಪ್ರತ್ಯೇಕ ಲೀಗುಗಳು) ತಂಡಗಳ ಕಡೆಗೇ ಹೆಚ್ಚು ಗಮನ ಕೊಟ್ಟರು.

ಈ ಕೆಲಸ ಕಾಣುವಷ್ಟು ಸುಲಭವಲ್ಲ. ಸಿಗುವುದು ಕಪ್ಪು ಬಿಳುಪು ಫೋಟೊ. ಎದೆಯ ಮೇಲಿನ ಅಕ್ಷರ ಕೆಂಪೋ ನೀಲಿಯೋ ಅದರಲ್ಲಿ ತಿಳಿಯುವುದಿಲ್ಲ. ಹಳೇ ಪತ್ರಿಕೆಗಳನ್ನು ತಿರುವಬೇಕು, ಬದುಕಿರುವ ಆಟಗಾರರನ್ನು ಕೇಳಬೇಕು. ಅಕ್ಷರಗಳನ್ನು ಫೆಲ್ಟ್ ಬಟ್ಟೆಯಲ್ಲಿ ಕತ್ತರಿಸಿ ಹೊಲಿಯಬೇಕು, ಸುಮ್ನೆ ಪ್ರಿಂಟ್ ಹೊಡೆದರೆ ನಡೆಯಲ್ಲ. ಸಣ್ಣ ತಂಡಗಳ ಬಗ್ಗೆ ಯಾವ ಲೀಗೂ ಮಾಡದಷ್ಟು ಸಂಶೋಧನೆಯನ್ನು ಬಟ್ಟೆ ವ್ಯಾಪಾರ ಮಾಡಿಸಿತು. ಇದನ್ನು ಒಪ್ಪಲೇಬೇಕು.

1990ರ ದಶಕದಲ್ಲಿ ಆಡುತ್ತಿದ್ದ ಮೈನರ್ ತಂಡಗಳೂ ಇದನ್ನು ಕಲಿತವು. ವಿಚಿತ್ರ ಹೆಸರು, ಕಾರ್ಟೂನ್ ಲೋಗೊ, ಕ್ಯಾಪ್ ಮಾರಾಟ. ಒಂದೂ ಪಂದ್ಯ ನೋಡದವರು ಕೂಡ ಕೊಂಡರು.

ಹಾಗಾದರೆ ಮುಚ್ಚಿದ ತಂಡದ ಲೋಗೊ ಯಾರದ್ದು? ಸಿಕ್ಕು ಇರುವುದು ಇಲ್ಲೇ. ಅಮೆರಿಕದ ಕಾನೂನಿನಲ್ಲಿ ಒಂದು ಟ್ರೇಡ್‌ಮಾರ್ಕನ್ನು ಸತತ ಮೂರು ವರ್ಷ ಬಳಸದಿದ್ದರೆ ಅದನ್ನು ಕೈಬಿಟ್ಟಂತೆ ಎಂದು ಮೇಲ್ನೋಟಕ್ಕೆ ಭಾವಿಸಲಾಗುತ್ತದೆ. ಆಗ ಇನ್ನೊಬ್ಬರು ಅದನ್ನು ತಮ್ಮದು ಅನ್ನಬಹುದು. ಆದರೆ ಹಳೇ ಮಾಲೀಕರು ಟೀ ಶರ್ಟ್ ಮಾರುತ್ತಲೇ ಇದ್ದರೆ ‘ಬಳಕೆ ಇದೆ’ ಎಂದು ವಾದಿಸಲು ದಾರಿಯಿದೆ. ತಂಡ ಆಡಬೇಕಿಲ್ಲ, ಅಂಗಿ ಮಾರಾಟವಾದರೆ ಸಾಕು ಅನ್ನುವ ಲೆಕ್ಕ. ದಶಕಗಳ ಕಾಲ ಬೆಂಚಿನ ಮೇಲೆ ಕೂತು ಕೂಗಿದವರ ಹೆಸರು ಮಾತ್ರ ಈ ಕಾಗದಗಳಲ್ಲಿ ಎಲ್ಲೂ ಬರುವುದಿಲ್ಲ.

2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ಸೀಸನ್ ರದ್ದಾಯಿತು. ಅದೇ ವರ್ಷ ಮೇಜರ್ ಲೀಗ್ ಜೊತೆಗಿನ ಹಳೇ ಒಪ್ಪಂದವೂ ಮುಗಿಯಿತು. ಹೊಸ ವ್ಯವಸ್ಥೆಯಲ್ಲಿ 160ರ ಜಾಗದಲ್ಲಿ 120 ತಂಡ. 1939ರಿಂದ ಇದ್ದ ನ್ಯೂಯಾರ್ಕ್–ಪೆನ್ ಲೀಗ್ ಇಲ್ಲವಾಯಿತು. ಅದರಲ್ಲಿ ಆರು ಸಲ ಚಾಂಪಿಯನ್ ಆಗಿದ್ದ ಸ್ಟೇಟನ್ ಐಲ್ಯಾಂಡ್ ಯಾಂಕೀಸ್ ಬಾಗಿಲು ಹಾಕಿತು. ಅದೇ ಲೀಗಿನ, ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನ ಮಕ್‌ಡಾಗ್ಸ್ ತಂಡದ ಹೆಸರು ಕಾಲೇಜು ಹುಡುಗರ ಬೇಸಿಗೆ ಲೀಗಿನಲ್ಲಿ ಉಳಿದುಕೊಂಡಿತು. ಖರ್ಚು, ಪ್ರಯಾಣ, ಮೈದಾನದ ಗುಣಮಟ್ಟ ಎಂದೆಲ್ಲ ಕಾರಣ ಕೊಡಲಾಯಿತು. ಕಾರಣಗಳು ಸುಳ್ಳೇನಲ್ಲ. ಆದರೆ ಲೆಕ್ಕ ಹಾಕುವ ಕೋಣೆಯಲ್ಲಿ ಆ ಊರುಗಳಿಗೆ ಕುರ್ಚಿ ಇರಲಿಲ್ಲ.

ಸ್ಟೇಟನ್ ಐಲ್ಯಾಂಡ್ ತಂಡದ ಮಾಲೀಕ ಕಂಪನಿ ‘ನಾಸ್ಟಾಲ್ಜಿಕ್ ಪಾರ್ಟ್ನರ್ಸ್’ ಇತರರ ಜೊತೆ ಸೇರಿ 2021ರಲ್ಲಿ ಕೋರ್ಟಿಗೆ ಹೋಯಿತು. ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಕೊಟ್ಟಿದ್ದ 1922ರ ಸುಪ್ರೀಂ ಕೋರ್ಟ್ ತೀರ್ಪನ್ನೇ ಪ್ರಶ್ನಿಸಿತು. 2023ರಲ್ಲಿ ರಾಜಿಯಾಯಿತು, ತೀರ್ಪು ಹಾಗೇ ಉಳಿಯಿತು. ಉಳಿದ 120 ತಂಡಗಳಿಗೆ ಸಿಕ್ಕ ಲೈಸೆನ್ಸಿನ ಅವಧಿ ಹತ್ತು ವರ್ಷ, ಅಂದರೆ 2030ರವರೆಗೆ. ಮುಂದಿನ ಪಟ್ಟಿಯ ಮಾತು ಅದಕ್ಕೂ ಮುಂಚೆಯೇ ಶುರುವಾಗುತ್ತದೆ.